ಅಸ್ತಮಾ, 21 ಕಿಲೋಮೀಟರ್ ಮತ್ತು ವೈದ್ಯರ ‘ಬೇಡ’

ಪ್ರಶ್ನೆ:

ವಯಸ್ಸು 36. ಚಿಕ್ಕಂದಿನಿಂದ ಅಸ್ತಮಾ. ಓಡಲು ಶುರುಮಾಡಿ ಎರಡು ವರ್ಷವಾಯಿತು, ಮೊದಲ ಹಾಫ್ ಮ್ಯಾರಥಾನ್‌ಗೆ ಇನ್ನು 19 ದಿನ ಬಾಕಿ. ಈಚೆಗೆ ಹಿಡಿದ ನೆಗಡಿ ಹೋಯಿತು, ಕೆಮ್ಮು ಉಳಿಯಿತು. ಕಳೆದ ವಾರ ಎರಡು ರಾತ್ರಿ ಕೆಮ್ಮಿ ಎದ್ದು ಕುಳಿತಿದ್ದೇನೆ. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ನೀಲಿ ಇನ್ಹೇಲರ್ ದಿನಕ್ಕೆ ಮೂರು ನಾಲ್ಕು ಬಾರಿ ಬೇಕಾಗುತ್ತಿತ್ತು. ವೈದ್ಯರು ಐದು ದಿನಕ್ಕೆ ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟು, ‘ಎರಡು ವಾರ ಓಟ ಬೇಡ, ಆಮೇಲೆ ಬಂದು ತೋರಿಸಿ’ ಎಂದರು. ಮೂರನೇ ದಿನಕ್ಕೇ ಉಸಿರು ಸಲೀಸಾಗಿದೆ. ಜತೆಗೆ ಓಡುವವರೋ, ‘ವೈದ್ಯರು ಯಾವತ್ತು ಬೇಕು ಎಂದಿದ್ದಾರೆ?’ ಎಂದು ನಗುತ್ತಾರೆ. ಅಸ್ತಮಾ ಇಟ್ಟುಕೊಂಡು ದೂರ ಓಡುವವರು ಏನು ಮಾಡುತ್ತೀರಿ? ಯಾವಾಗ ವೈದ್ಯರ ಮಾತು ಕೇಳಿದಿರಿ, ಯಾವಾಗ ಕೇಳಲಿಲ್ಲ?

ಹನ್ನೆರಡು ವರ್ಷದಿಂದ ಓಡುತ್ತಿರುವವರೊಬ್ಬರು:

ನಾನು ಕೇಳಿರಲಿಲ್ಲ. ಹಾಗಾಗಿ ಇಲ್ಲಿ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಆರು ವರ್ಷದ ಹಿಂದೆ ನನ್ನದೂ ನಿಮ್ಮದೇ ಸ್ಥಿತಿ. ನೆಗಡಿ, ಅದರ ಬಾಲ ಹಿಡಿದು ಬಂದ ಕೆಮ್ಮು, ಸ್ಟೀರಾಯ್ಡ್ ಮಾತ್ರೆ, ಮೂರನೇ ದಿನಕ್ಕೆ ಎದೆ ಹಗುರ. ಆರನೇ ದಿನ 16 ಕಿಲೋಮೀಟರ್ ಓಡಲು ಹೊರಟೆ. 11ನೇ ಕಿಲೋಮೀಟರಿನಲ್ಲಿ ಎದೆಗೆ ಯಾರೋ ಪಟ್ಟಿ ಸುತ್ತಿ ಬಿಗಿದ ಹಾಗಾಯಿತು. ಎರಡು ಬಾರಿ ಇನ್ಹೇಲರ್ ಒತ್ತಿದೆ, ಸ್ವಲ್ಪ ನಡೆದೆ, ಮತ್ತೆ ಓಡಿದೆ. ದೂರ ಓಡುವವರಿಗೆ ಇದು ಅಭ್ಯಾಸವಾಗಿಬಿಟ್ಟಿರುತ್ತದಲ್ಲ: ದೇಹ ಗೊಣಗುತ್ತದೆ, ನಾವು ಕಿವುಡರಾಗುತ್ತೇವೆ, ಒಂದೆರಡು ಕಿಲೋಮೀಟರ್ ಕಳೆದರೆ ಗೊಣಗಾಟ ತಾನೇ ನಿಲ್ಲುತ್ತದೆ. ತೊಡೆ, ಮೀನಖಂಡಗಳ ವಿಷಯದಲ್ಲಿ ಈ ಕಿವುಡುತನವೇ ನಮ್ಮ ಬಂಡವಾಳ. ಶ್ವಾಸನಾಳದ ಹತ್ತಿರ ಅದು ನಡೆಯುವುದಿಲ್ಲ.

14ನೆಯದರಲ್ಲಿ ನಿಂತೆ. ನಿಂತರೆ ಸರಿಹೋಗುತ್ತದೆ ಎಂಬುದು ನನ್ನ ಲೆಕ್ಕ. ಅಸ್ತಮಾದ ಲೆಕ್ಕ ಬೇರೆ. ಓಟದಿಂದ ಹುಟ್ಟುವ ಬಿಗಿತ ಸಾಮಾನ್ಯವಾಗಿ ನಿಂತ ಮೇಲೆ, 5ರಿಂದ 15 ನಿಮಿಷದೊಳಗೆ, ತಾರಕಕ್ಕೆ ಏರುತ್ತದೆ. ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತಿದ್ದೆ. ದಾರಿಹೋಕರೊಬ್ಬರು ‘ನೀರು ಬೇಕೇ?’ ಎಂದರು. ಬೇಡ ಎನ್ನಬೇಕಿತ್ತು. ‘ಬೇ’ ಬಂತು. ‘ಡ’ಕ್ಕೆ ಇನ್ನೊಂದು ಉಸಿರು ಬೇಕಾಯಿತು. ನನಗಿಂತ ಮೊದಲು ಹೆದರಿದ್ದು ಅವರು. ಇನ್ಹೇಲರ್ ಒತ್ತಿದರೆ ಬುಸ್ ಎನ್ನುತ್ತಿತ್ತು, ಎದೆಗೆ ಮಾತ್ರ ಏನೂ ತಾಗುತ್ತಿರಲಿಲ್ಲ. ಹಿಂಬದಿಯ ಪುಟ್ಟ ಕಿಂಡಿಯಲ್ಲಿ ಅಂಕಿ 000. ಔಷಧಿ ಮುಗಿದ ಮೇಲೂ ಅದನ್ನು ತಳ್ಳುವ ಅನಿಲ ಡಬ್ಬಿಯಲ್ಲಿ ಉಳಿದಿರುತ್ತದೆ, ಖಾಲಿ ಡಬ್ಬಿಯೂ ಬುಸುಗುಡುತ್ತದೆ ಎಂಬ ವಿದ್ಯೆಯನ್ನು ಆಸ್ಪತ್ರೆಯಲ್ಲಿ ನೆಬುಲೈಸರ್ (ಔಷಧಿಯನ್ನು ಮಂಜಾಗಿಸಿ ಉಸಿರಿಗೆ ಕೊಡುವ ಯಂತ್ರ) ಕಟ್ಟಿಕೊಂಡು ಕಲಿತೆ. ಎರಡು ರಾತ್ರಿ ಅಲ್ಲೇ.

ನಿಮ್ಮ ಉಸಿರು ಸಲೀಸಾಗಿರುವುದು ಮಾತ್ರೆಯ ಕೃಪೆ. ಒಳಗಿನ ಊತ ಪೂರ್ತಿ ಇಳಿಯಲು ವಾರಗಳೇ ಹಿಡಿಯಬಹುದು. ಅಷ್ಟರಲ್ಲಿ ನೀವು ಎರಡು ಗಂಟೆ ಬಾಯಿ ತೆರೆದು ಗಾಳಿ ಎಳೆದುಕೊಂಡರೆ, ಮೊದಲೇ ಊದಿಕೊಂಡ ನಾಳದ ಒಳಮೈ ಒಣಗುತ್ತದೆ, ಕೆರಳುತ್ತದೆ, ಬಿಗಿಯುತ್ತದೆ. ಇನ್ನೊಂದು ಮಾತು: ಹಗುರವಾಯಿತೆಂದು ಐದು ದಿನದ ಮಾತ್ರೆಯನ್ನು ಮೂರಕ್ಕೆ ನಿಲ್ಲಿಸುವ ಯೋಚನೆ ಬರುತ್ತದೆ. ನನಗೂ ಬಂದಿತ್ತು. ಮುಗಿಸಿ.

ಆ ಪ್ರಸಂಗದ ನಂತರ ಪೀಕ್ ಫ್ಲೋ ಮೀಟರ್ ಕೊಂಡೆ. ಊದಿದ ಉಸಿರು ಎಷ್ಟು ರಭಸವಾಗಿ ಹೊರಬರುತ್ತದೆ ಎಂದು ಅಳೆಯುವ, ಕೊಳವೆಯಂಥ ಸಣ್ಣ ಸಾಧನ. ಬೆಳಿಗ್ಗೆ ಎದ್ದು ನಿಂತು ಮೂರು ಸಲ ಜೋರಾಗಿ ಊದಿ, ಮೂರರಲ್ಲಿ ದೊಡ್ಡ ಅಂಕಿಯನ್ನು ಬರೆದಿಡುತ್ತೇನೆ. ಆರೋಗ್ಯವಾಗಿದ್ದಾಗ ನನ್ನ ಅತ್ಯುತ್ತಮ 520. ಅದರ ಶೇ 80 ಎಂದರೆ 416. ಅದಕ್ಕಿಂತ ಕೆಳಗಿದ್ದರೆ ಆ ದಿನ ಶೂ ಮುಟ್ಟುವುದಿಲ್ಲ. ಶೇ 50, ಅಂದರೆ 260ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆ. ಇದನ್ನು ವೈದ್ಯರೊಂದಿಗೆ ಕುಳಿತು ಬರೆಸಿಕೊಂಡು ಶೂ ಇಡುವ ಗೂಡಿನ ಬಾಗಿಲಿಗೆ ಅಂಟಿಸಿದ್ದೇನೆ. ಯಾಕೆಂದರೆ ಶೂ ದಾರ ಕಟ್ಟಿದ ಮೇಲೆ ನನ್ನ ಬುದ್ಧಿಯ ಮೇಲೆ ನನಗೆ ನಂಬಿಕೆಯಿಲ್ಲ. ಓಡುವಾಸೆ ಎದೆಯ ಸದ್ದಿಗೂ ನೆಪ ಹುಡುಕುತ್ತದೆ: ಧೂಳು, ಚಳಿ, ನಿದ್ರೆ ಸಾಲದು. ಅಂಕಿ ನೆಪ ಹೇಳುವುದಿಲ್ಲ.

ನನ್ನಂತೆ ಮಾತು ತುಂಡಾದರೆ, ತುಟಿ ನೀಲಿಗಟ್ಟಿದರೆ, ಇನ್ಹೇಲರ್ ಒತ್ತಿದರೂ ಹಿಡಿಯದಿದ್ದರೆ ಬಗ್ಗಬೇಡಿ, ಮಲಗಬೇಡಿ. ನೆಟ್ಟಗೆ ಕುಳಿತು ಆಂಬುಲೆನ್ಸ್ ಕರೆಸಿ.

ಇನ್ನೊಬ್ಬರು, ಒಂಬತ್ತು ವರ್ಷ ಓಡದೆ ಕುಳಿತಿದ್ದವರು:

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಅರ್ಧ. ನಾನು ವೈದ್ಯರ ಮಾತು ಕೇಳಿ ಕೆಟ್ಟವಳು.

ಕಾಲೇಜಿನಲ್ಲಿದ್ದಾಗ ಒಬ್ಬರು, ‘ನಿಮಗೆ ಅಸ್ತಮಾ, ಓಟಗೀಟ ಬಿಟ್ಟುಬಿಡಿ’ ಎಂದರು. ಬಿಟ್ಟೆ. ಒಂಬತ್ತು ವರ್ಷ! ಮೈ ಭಾರವಾಯಿತು, ಮೆಟ್ಟಿಲು ಹತ್ತಿದರೂ ಏದುಸಿರು, ಅಸ್ತಮಾ ಮಾತ್ರ ಇದ್ದಲ್ಲೇ ಇತ್ತು. ಆಮೇಲೆ ಶ್ವಾಸಕೋಶ ತಜ್ಞರೊಬ್ಬರು ಟ್ರೆಡ್‌ಮಿಲ್ ಮೇಲೆ ಓಡಿಸಿ, ಮೊದಲ ಸೆಕೆಂಡಿನಲ್ಲಿ ನಾನು ಎಷ್ಟು ಗಾಳಿ ಹೊರಹಾಕಬಲ್ಲೆ ಎಂದು ಓಟಕ್ಕೆ ಮುಂಚೆ, ಓಟದ ನಂತರ ಮತ್ತೆ ಮತ್ತೆ ಅಳೆದರು. ಅದು ಶೇ 10ರಷ್ಟು ಕುಸಿದರೂ ಲೆಕ್ಕಕ್ಕೆ ಬರುತ್ತದೆ. ನನ್ನದು ಶೇ 24 ಕುಸಿಯಿತು. ಮನೆಗೆ ಕಳಿಸುತ್ತಾರೆ ಅಂದುಕೊಂಡೆ. ಅವರು, ‘ನಿಮ್ಮ ತೊಂದರೆ ಓಟವಲ್ಲ. ಇಷ್ಟು ವರ್ಷ ಬರೀ ನೀಲಿ ಇನ್ಹೇಲರಿನಲ್ಲಿ ದಿನ ದೂಡಿದ್ದೀರಲ್ಲ, ಅದು’ ಎಂದರು. ನೀಲಿಯದು ನಾಳ ಸುತ್ತಿದ ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೇ. ಊತ ಇಳಿಸುವುದು ದಿನವೂ ಎಳೆದುಕೊಳ್ಳುವ ಸ್ಟೀರಾಯ್ಡ್ ಇನ್ಹೇಲರ್. 2019ರಿಂದ ಜಾಗತಿಕ ಅಸ್ತಮಾ ಮಾರ್ಗಸೂಚಿಯೇ ವಯಸ್ಕರಿಗೆ ಬರೀ ನೀಲಿ ಔಷಧಿಯ ಚಿಕಿತ್ಸೆ ಸಲ್ಲದು ಎನ್ನುತ್ತಿದೆ. ವರ್ಷಕ್ಕೆ ಮೂರು ಡಬ್ಬಿ ಅಥವಾ ಅದಕ್ಕಿಂತ ಹೆಚ್ಚು ಖಾಲಿಯಾಗುತ್ತಿದ್ದರೆ ದೊಡ್ಡ ಉಬ್ಬಸ ಹೊಂಚುಹಾಕಿದೆ ಎಂದೇ ತಿಳಿಯಬೇಕಂತೆ. ನಿಮ್ಮ ಡಬ್ಬಿಗಳ ಲೆಕ್ಕ ಎಷ್ಟು?

ಹಾಗಾಗಿ ನಾನು ವೈದ್ಯರ ‘ಬೇಡ’ವನ್ನು ಎರಡು ಜಾತಿ ಮಾಡಿದ್ದೇನೆ. ‘ಇನ್ನೆಂದೂ ಬೇಡ’ ಎಂದರೆ ಪರೀಕ್ಷೆ ಕೇಳಿ, ಕಾರಣ ಕೇಳಿ, ಇನ್ನೊಬ್ಬ ತಜ್ಞರ ಬಾಗಿಲು ತಟ್ಟಿ. ‘ಈಗ ಬೇಡ, ಇಷ್ಟು ದಿನ ಬಿಟ್ಟು ಬನ್ನಿ’ ಎಂದರೆ ಬಾಯಿ ಮುಚ್ಚಿಕೊಂಡು ಕೇಳಿ. ನಿಮ್ಮ ವೈದ್ಯರು ಎರಡು ವಾರ ಎಂದಿದ್ದಾರೆ, ಮತ್ತೆ ಬಂದು ತೋರಿಸಿ ಎಂದಿದ್ದಾರೆ. ಓಟ ಬಿಡಿಸುವ ಮನಸ್ಸಿದ್ದವರು ಮತ್ತೆ ಕರೆಯುವುದಿಲ್ಲ.

ನಿಮ್ಮ ಗೆಳೆಯರು ಬ್ರಿಟನ್ನಿನ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್ ಹೆಸರು ತೆಗೆಯುತ್ತಾರೆ, ನೋಡುತ್ತಿರಿ. ಹದಿವಯಸ್ಸಿನಿಂದ ಅಸ್ತಮಾ ಇದ್ದವರು, 2003ರ ಲಂಡನ್ ಮ್ಯಾರಥಾನ್ 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿದರು, ಮಹಿಳೆಯರ ಆ ವಿಶ್ವದಾಖಲೆ 2019ರವರೆಗೆ ನಿಂತಿತು. ನಿಜವೇ. ನನಗೆ ಇಥಿಯೋಪಿಯಾದ ಓಟಗಾರ ಹೈಲೆ ಗೆಬ್ರೆಸೆಲಾಸಿ ಹೆಚ್ಚು ಇಷ್ಟ. ಅಸ್ತಮಾ ಇದ್ದ ಅವರು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಲ್ಲಿನ ಗಾಳಿಯ ಮಾಲಿನ್ಯ ನೋಡಿ ಮ್ಯಾರಥಾನ್ ಒಲ್ಲೆ ಎಂದು, 10,000 ಮೀಟರ್ ಓಡಿ ಆರನೆಯವರಾದರು. ಮರುತಿಂಗಳು ಬರ್ಲಿನ್ ಮ್ಯಾರಥಾನ್‌ನಲ್ಲಿ 2 ಗಂಟೆ 3 ನಿಮಿಷ 59 ಸೆಕೆಂಡಿನ ವಿಶ್ವದಾಖಲೆ. ಒಲಿಂಪಿಕ್ಸನ್ನೇ ಬಿಟ್ಟವರಿದ್ದಾರೆ, ನಾವು ನೋಂದಣಿ ಶುಲ್ಕಕ್ಕೆ ಮರುಗುತ್ತೇವೆ.

ಮತ್ತೊಬ್ಬರು:

ಮತ್ತೆ ಓಡಲು ಒಪ್ಪಿಗೆ ಸಿಕ್ಕ ಮೇಲಿನ ಮಾತು ಹೇಳುತ್ತೇನೆ. ನನಗೆ ಓಟಕ್ಕೆ 15 ನಿಮಿಷ ಮುಂಚೆ ಇನ್ಹೇಲರ್ ತೆಗೆದುಕೊಳ್ಳಲು ಹೇಳಿದ್ದಾರೆ. ಅದಾದ ಮೇಲೆ ನಿಧಾನವಾಗಿ ಓಡುತ್ತಾ, ನಡುನಡುವೆ ಅರ್ಧ ನಿಮಿಷ ಜೋರಾಗಿ ಓಡಿ ಮತ್ತೆ ನಿಧಾನಿಸುತ್ತೇನೆ. ಹೀಗೆ ಮೈ ಬಿಸಿಮಾಡಿಕೊಂಡರೆ ಸುಮಾರು ಅರ್ಧದಷ್ಟು ಜನರಲ್ಲಿ ಮುಂದಿನ ಒಂದೆರಡು ಗಂಟೆ ಶ್ವಾಸನಾಳ ಅಷ್ಟಾಗಿ ಮುನಿಸಿಕೊಳ್ಳುವುದಿಲ್ಲ. ಆ ಅರ್ಧದಲ್ಲಿ ನಾನಿದ್ದೇನೆ. ನೀವಿದ್ದೀರೋ ಇಲ್ಲವೋ ಓಡಿಯೇ ತಿಳಿಯಬೇಕು. ಚಳಿಯಲ್ಲಿ ಮೂಗು ಬಾಯಿಗೆ ತೆಳುಬಟ್ಟೆ. ಸ್ಟೀರಾಯ್ಡ್ ಇನ್ಹೇಲರ್ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಲು ಮರೆಯಬೇಡಿ, ಇಲ್ಲದಿದ್ದರೆ ನಾಲಗೆಯ ಮೇಲೆ ಬಿಳಿ ಬೂಷ್ಟು.

ಉದ್ದೀಪನ ಮದ್ದಿನ ಪರೀಕ್ಷೆ ಇರುವ ಮಟ್ಟದಲ್ಲಿ ಓಡುವವರು ಗಮನಿಸಿ: ಇನ್ಹೇಲರ್ ಮೂಲಕ ಸಾಲ್ಬುಟಮಾಲ್ (ನೀಲಿ ಇನ್ಹೇಲರಿನ ಔಷಧಿ) 24 ಗಂಟೆಗೆ 1600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ದಾಟದಂತೆ ಅನುಮತಿ ಇದೆ. ಸ್ಪರ್ಧೆಯ ಹೊತ್ತಿಗೆ ಮೈಯಲ್ಲಿ ಸ್ಟೀರಾಯ್ಡ್ ಮಾತ್ರೆಯ ಅಂಶ ಇರುವಂತಿಲ್ಲ, ಅದಕ್ಕೆ ಬೇರೆ ವಿನಾಯಿತಿ ಪತ್ರ ಬೇಕು. ನಮ್ಮ ನಿಮ್ಮಂಥವರನ್ನು ಯಾರೂ ಪರೀಕ್ಷಿಸುವುದಿಲ್ಲ, ಬಿಡಿ.

ಒಬ್ಬರದು ಚಿಕ್ಕ ಎಚ್ಚರಿಕೆ:

ಮಂಡಿನೋವಿಗೆ ಓಟದ ಬೆಳಿಗ್ಗೆ ಐಬುಪ್ರೊಫೆನ್ ನುಂಗುವ ಚಾಳಿ ಇದೆಯೇ? ಅಸ್ತಮಾ ಇರುವ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳೇ ಉಬ್ಬಸ ತರಿಸುತ್ತವೆ. ನನಗೆ ಮಾತ್ರೆ ನುಂಗಿ ಮುಕ್ಕಾಲು ಗಂಟೆಗೆ ಮೂಗು ಕಟ್ಟಿತು, ಕಣ್ಣು ಕೆಂಪಾಯಿತು, ಎದೆ ಸಿಳ್ಳೆ ಹೊಡೆಯಿತು. ಎರಡು ಸ್ಪರ್ಧೆ ಹಾಳಾಗುವವರೆಗೂ ಹವಾಮಾನವನ್ನೇ ಬೈಯುತ್ತಿದ್ದೆ. ಮೂಗಿನಲ್ಲಿ ದುರ್ಮಾಂಸ ಇರುವವರು ವೈದ್ಯರನ್ನು ಕೇಳದೆ ಮುಟ್ಟಲೇಬೇಡಿ.

ಮಗಳನ್ನು ಓಡಿಸುವ ತಾಯಿಯೊಬ್ಬರು:

ಪ್ರಶ್ನೆ ಕೇಳಿದವರಿಗೆ ಇದು ಅನ್ವಯಿಸದು, ಓದುವ ಬೇರೆಯವರಿಗೆ. ನನ್ನ ಮಗಳಿಗೆ ಎರಡು ವರ್ಷ ಅಸ್ತಮಾ ಎಂದೇ ಔಷಧಿ ಕೊಟ್ಟೆವು, ಇನ್ಹೇಲರ್ ಒಮ್ಮೆಯೂ ನಾಟಲಿಲ್ಲ. ಅವಳಿಗೆ ಸದ್ದು ಬರುತ್ತಿದ್ದುದು ಉಸಿರು ಒಳಗೆಳೆಯುವಾಗ, ಎದೆಯಿಂದಲ್ಲ, ಗಂಟಲಿನಿಂದ. ಓಟ ತುದಿ ಮುಟ್ಟಿದಾಗ ಶುರುವಾಗಿ, ನಿಂತ ಕೆಲವೇ ನಿಮಿಷದಲ್ಲಿ ಮಾಯ. ಕೊನೆಗೆ ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದಾಗ ಓಡುವಾಗ ಗಂಟಲಪೆಟ್ಟಿಗೆಯೇ ಕಿರಿದಾಗುತ್ತದೆ ಎಂದು ತಿಳಿಯಿತು. ಅದಕ್ಕೆ ಮದ್ದು ಉಸಿರಾಟದ ಅಭ್ಯಾಸ, ಇನ್ಹೇಲರ್ ಅಲ್ಲ.

ಪ್ರಶ್ನೆ ಕೇಳಿದವರು, ಮರುದಿನ:

ಎಲ್ಲರಿಗೂ ಧನ್ಯವಾದ. ರಾತ್ರಿ ಇದನ್ನೆಲ್ಲ ಓದಿ, ಎದ್ದು ಹೋಗಿ ಇನ್ಹೇಲರಿನ ಕಿಂಡಿ ನೋಡಿದೆ. 200ರಿಂದ ಶುರುವಾದದ್ದು 11ಕ್ಕೆ ಬಂದಿದೆ. ಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಹಳೆಯ ಚೀಟಿಗಳನ್ನು ಹುಡುಕಿ ಎಣಿಸಿದರೆ ಈ ವರ್ಷ ಇದು ಐದನೆಯ ಡಬ್ಬಿ. ದಿನವೂ ತೆಗೆದುಕೊಳ್ಳುವ ಇನ್ಹೇಲರನ್ನು ವೈದ್ಯರು ಎರಡು ವರ್ಷದ ಹಿಂದೆಯೇ ಬರೆದುಕೊಟ್ಟಿದ್ದರು. ಚೆನ್ನಾಗಿದ್ದೇನೆ ಎಂದು ನಾನೇ ನಿಲ್ಲಿಸಿದ್ದೆ. ಇದನ್ನು ನಿನ್ನೆ ಬರೆಯಲಿಲ್ಲ, ಬರೆಯಬೇಕಿತ್ತು. ಗೆಳೆಯರಿಗೂ ಹೇಳಿರಲಿಲ್ಲ, ವೈದ್ಯರಿಗೂ ಹೇಳಿರಲಿಲ್ಲ. ಈಗ ಫೋನ್ ಮಾಡಿ ಹೇಳಿದೆ. ಅದನ್ನು ಇಂದಿನಿಂದಲೇ ಮತ್ತೆ ಶುರುಮಾಡಲು ಹೇಳಿದ್ದಾರೆ.

ಈ ಬಾರಿಯ 21 ಕಿಲೋಮೀಟರ್ ಬಿಟ್ಟೆ. ಗೆಳೆಯರ ನೀರಿನ ಬಾಟಲಿ ಹಿಡಿದು ದಾರಿಯಲ್ಲಿ ನಿಲ್ಲುತ್ತೇನೆ. ಹನ್ನೆರಡು ವರ್ಷದಿಂದ ಓಡುತ್ತಿರುವವರಿಗೆ ಒಂದು ಪ್ರಶ್ನೆ: ಓಡದ ಹದಿನಾಲ್ಕು ದಿನ, ಬೆಳಿಗ್ಗೆ ಐದಕ್ಕೆ ತಾನೇ ಎಚ್ಚರವಾದಾಗ ಏನು ಮಾಡುತ್ತೀರಿ?

ಹನ್ನೆರಡು ವರ್ಷದಿಂದ ಓಡುತ್ತಿರುವವರು:

ಎದ್ದು ಮೂರು ಸಲ ಊದುತ್ತೇನೆ, ಬರೆದಿಡುತ್ತೇನೆ, ಮತ್ತೆ ಮುಸುಕೆಳೆದು ಮಲಗುತ್ತೇನೆ.