ಪದ ಬೇಕು, ಅರ್ಜೆಂಟ್: ಮನೆ ಕ್ಯಾಮೆರಾದ ಬೋರ್ಡಿಗೆ, ಮತ್ತೆ "ಡಿಫಾಲ್ಟ್ ಪಾಸ್‌ವರ್ಡ್"ಗೆ

ಡೊಂಬಿವಲಿಯಿಂದ:

ಎಲ್ರಿಗೂ ನಮಸ್ಕಾರ. ನಮ್ಮ ಬಿಲ್ಡಿಂಗಲ್ಲಿ ಮುಕ್ಕಾಲು ಪಾಲು ಊರಿನ ಕಡೆಯವ್ರೇ, ಈಗ ಒಬ್ಬೊಬ್ರಾಗಿ ಬಾಗಿಲ ಮೇಲೆ ವೈಫೈ ಕ್ಯಾಮೆರಾ ಹಾಕಿಸ್ಕೊಳ್ತಿದ್ದಾರೆ, ದುಬೈಲಿರೋ ಮಗ ಫೋನಲ್ಲಿ ನೋಡ್ತಾನೆ ಅಂತ. ಹಾಕ್ಸಿದ ಮೇಲೆ ಏನೇನು ಭದ್ರ ಮಾಡ್ಕೋಬೇಕು ಅಂತ ಹಿರಿಯರಿಗೆ ಎರಡು ಪುಟದ ಕನ್ನಡ ಹಾಳೆ ಮಾಡ್ತಿದ್ದೇನೆ, ಜೊತೆಗೆ ಗೇಟಿಗೊಂದು ಬೋರ್ಡು. ಬೋರ್ಡಲ್ಲಿ ಮೇಲಿನ ಸಾಲು ಮರಾಠಿ, ಅದು ಆಯ್ತು, "ಸಿಸಿಟಿವಿಚ್ಯಾ ನಿಗರಾಣೀಖಾಲಿ", ಅಂದ್ರೆ ಸಿಸಿಟಿವಿ ಕಾವಲಿನಲ್ಲಿ ಅಂತ. ಕೆಳಗೆ ಕನ್ನಡದಲ್ಲಿ ಏನು ಬರೀಲಿ? ಕಣ್ಗಾವಲು, ನಿಗಾ, ಪಹರೆ, ಯಾವ್ದು? ಹಾಳೆಗೆ ಬೇಕಾದ್ದು: ಡಿಫಾಲ್ಟ್ ಪಾಸ್‌ವರ್ಡ್, ಪೋರ್ಟ್ ಫಾರ್ವರ್ಡಿಂಗ್, ಫರ್ಮ್‌ವೇರ್ (ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್. ಅನುವಾದದ ಆಪ್ ಒಂದು ಪೋರ್ಟಿಗೆ "ಬಂದರು" ಅಂತು, ಹಡಗು ಎಲ್ಲಿಂದ ತರ್ಲಿ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗ್ಬೇಕು, ದಯವಿಟ್ಟು.

ಮುಲುಂಡಿನಿಂದ:

ಕಣ್ಗಾವಲು. ಚರ್ಚೆಗೆ ಏನೂ ಇಲ್ಲ. ಬೆಂಗಾವಲು ಇದ್ದ ಹಾಗೆಯೇ, ಆದೇಶ ಸಂಧಿಯಲ್ಲಿ ಕಕಾರ ಗಕಾರವಾಗಿದೆ. ಕಾಯು, ಕಾಪು, ಕಾಪಾಡು, ಕಾವಲು ಎಲ್ಲ ಒಂದೇ ಬೇರಿನವು, ತಮಿಳಿನ ಕಾವಲ್ ಕೂಡ. ಉಡುಪಿ ಹತ್ತಿರದ ನಮ್ಮ ಕಾಪುವನ್ನೇ ತೆಗೆದುಕೊಳ್ಳಿ, ದೀಪಸ್ತಂಭ 1901ರದ್ದು, ಊರಿನ ಹೆಸರು ಅದಕ್ಕಿಂತ ಎಷ್ಟೋ ಹಿಂದಿನದು, ಕಡಲಿಗೆ ಕಾವಲು ಕೂತ ಜಾಗ ಎಂದೇ ನನ್ನ ವಾದ, ಇದನ್ನು ಹಿಂದೆಯೂ ಇಲ್ಲಿ ಬರೆದಿದ್ದೇನೆ, ಯಾರೂ ಉತ್ತರಿಸಲಿಲ್ಲ. ನಿಗಾ, ಪಹರೆ ಎರಡೂ ಪಾರ್ಸಿ. ಬಿಡಿ.

ಪುಣೆಯಿಂದ:

ಮಾಸ್ತರ್ರ, ಪಹರೆ ಪಾರ್ಸಿ ಅಲ್ರೀ. ಪ್ರಹರದಿಂದ ಬಂದದ್ದು, ಜಾವ ಜಾವಕ್ಕ ಎದ್ದು ಕಾಯೋದು, ಮರಾಠ್ಯಾಗ ಪಹಾರಾ ಅಂತಾರ. ನಿಗಾ ಪಾರ್ಸಿ ಖರೆ, ನಿಗಾಹ್ ಅಂದ್ರ ನೋಟ. ಆದ್ರ ಏನಾತು? ದವಾಖಾನ್ಯಾಗ "ತೀವ್ರ ನಿಗಾ ಘಟಕ" ಅಂತ ಬೋರ್ಡ್ ಹಾಕಿರ್ತಾರ, ಪಾರ್ಸಿ ಐತಿ ಅಂತ ಪೇಶಂಟ್ ವಾಪಸ್ ಹೋಗ್ತಾನೇನು? ಮ್ಯಾಲ ನಿಗರಾಣಿ, ಕೆಳಗ ನಿಗಾ, ಓದವ್ರಿಗೆ ಎರಡೂ ಒಂದ ಮಾತು ಅಂತ ತಿಳೀತದ. ನೀವು ಕುಂತ ಕುರ್ಚಿ ಅರಬ್ಬಿ, ಮುಂದಿನ ಮೇಜು ಪಾರ್ಸಿ, ನೆಲದ ಮ್ಯಾಲ ಕುಂತು ಬರಿಯಾಕ ಹತ್ತೀರೇನ್ರಿ?

ಮುಲುಂಡಿನಿಂದ:

> ಪ್ರಹರದಿಂದ ಬಂದದ್ದು

ಪ್ರಹರ ಸಂಸ್ಕೃತ. ಅದೂ ಕನ್ನಡವಲ್ಲ.

ವಾಸ್ಕೋದಿಂದ:

ನಾನು ಗೋವಾದಲ್ಲಿ ಕ್ಯಾಮೆರಾ ಕೂರಿಸೋ ಕೆಲಸವೇ ಮಾಡೋದು, ಹಂಗಾಗಿ ಒಂದು ಮಾತು. ಬೋರ್ಡಿಗೆ ಯಾವುದಾದ್ರೂ ಹಾಕಿ, ಜನ ನೋಡೋದು ಕ್ಯಾಮೆರಾ ಚಿತ್ರ. ಹಾಳೇಲಿ ಪದ ತಪ್ಪಿದ್ರೆ ಮಾತ್ರ ಮನೆ ಹಾಳು. ಡಿಫಾಲ್ಟ್ ಅನ್ನೋದಕ್ಕೆ ಕನ್ನಡ ಸಾಫ್ಟ್‌ವೇರ್‌ಗಳಲ್ಲಿ "ಪೂರ್ವನಿಯೋಜಿತ" ಅಂತ ಇದೆ, ಅದನ್ನ ಹಾಕ್ಬೇಡಿ ದಯವಿಟ್ಟು. ಪೇಪರಲ್ಲಿ ಪೂರ್ವನಿಯೋಜಿತ ಕೃತ್ಯ ಅಂತ ಓದಿದೋರು ಅದನ್ನ ಸಂಚು ಅಂತಾರೆ, ಇಲ್ಲಾಂದ್ರೆ ಯಾರೋ ಗೊತ್ತಿರೋರು ಮೊದಲೇ ಯೋಚಿಸಿ ಇಟ್ಟಿದ್ದು, ಮುಟ್ಟಬಾರದು ಅಂತಾರೆ. ನನ್ನ ಗಿರಾಕಿ ಒಬ್ರು ರಿಟೈರ್ಡ್ ಅಜ್ಜ, ರೆಕಾರ್ಡರಿನ ತಳದ ಸ್ಟಿಕ್ಕರಲ್ಲಿ "ಅಡ್ಮಿನ್" ಅಂತ ಇದ್ದಿದ್ದನ್ನ ಸೆಲೋಟೇಪ್ ಅಂಟಿಸಿ ಜೋಪಾನ ಮಾಡಿದ್ರು, ಅಳಿಸಿ ಹೋಗ್ಬಾರ್ದು ಅಂತ. ಬದಲಾಯಿಸ್ಬೇಕಾದ್ದೇ ಅದನ್ನ!

2016ರಲ್ಲಿ ಮಿರಾಯ್ ಅಂತ ಒಂದು ಮಾಲ್‌ವೇರ್ (ಕೇಡು ಮಾಡೋ ಪ್ರೋಗ್ರಾಂ) ಬಂತಲ್ಲ, ಅದು ದೊಡ್ಡ ಬುದ್ಧಿವಂತಿಕೆ ಏನೂ ಮಾಡ್ಲಿಲ್ಲ, ಕಂಪನಿಯವರೇ ಇಟ್ಟು ಕಳಿಸಿದ ಅರವತ್ತು ಚಿಲ್ಲರೆ ಯೂಸರ್‌ನೇಮ್, ಪಾಸ್‌ವರ್ಡ್ ಜೋಡಿ ಒಂದೊಂದಾಗಿ ಹಾಕಿ ನೋಡ್ತು, ಕ್ಯಾಮೆರಾ, ಡಿವಿಆರ್ (ರೆಕಾರ್ಡರ್) ಲಕ್ಷಗಟ್ಲೆ ಅದರ ಕೈಗೆ ಬಿದ್ವು. ಆ ಅಕ್ಟೋಬರಲ್ಲಿ ಅವನ್ನೇ ಸೇರಿಸ್ಕೊಂಡು ವೆಬ್‌ಸೈಟುಗಳ ವಿಳಾಸ ಹುಡುಕಿಕೊಡೋ ಡೈನ್ ಅನ್ನೋ ಕಂಪನಿ ಮೇಲೆ ದಾಳಿ ಆಯ್ತು, ಟ್ವಿಟರ್ ನೆಟ್‌ಫ್ಲಿಕ್ಸ್ ಎಲ್ಲ ಅಮೆರಿಕದ ಪೂರ್ವಭಾಗದಲ್ಲಿ ಗಂಟೆಗಟ್ಲೆ ನಿಂತೋದ್ವು. ಅದಕ್ಕೇ ನೇರವಾಗಿ "ಡಬ್ಬದ ಜೊತೆ ಬಂದ ಪಾಸ್‌ವರ್ಡ್" ಅಂತ ಬರೀರಿ. ಪಾಸ್‌ವರ್ಡ್ ನಮ್ಮಮ್ಮಂಗೂ ಗೊತ್ತು, ಗುಪ್ತಪದ ಯಾರಿಗೂ ಗೊತ್ತಿಲ್ಲ.

ಮುಲುಂಡಿನಿಂದ:

ಗುಪ್ತಪದ ನಾನೂ ಒಪ್ಪುವುದಿಲ್ಲ, ಎರಡು ತುಂಡೂ ಸಂಸ್ಕೃತ. ಗುಟ್ಟುನುಡಿ ಎನ್ನಿ. ಪೋರ್ಟಿಗೆ ಕಿಂಡಿ.

ವಾಸ್ಕೋದಿಂದ:

ಗುಟ್ಟುನುಡಿ ಅಂದ್ರೆ ಅತ್ತೆ ಸೊಸೆ ಮಾತಾಡ್ಕೊಳ್ಳೋದು ಅನ್ಸುತ್ತೆ ಸರ್. ಕಿಂಡಿ ಮಾತ್ರ ಭಾರಿ ಚೆನ್ನಾಗಿದೆ, ಅದನ್ನ ತಗೋತೀನಿ. ಪೋರ್ಟ್ ಫಾರ್ವರ್ಡಿಂಗ್ ಅಂದ್ರೆ ರೂಟರಿನ ಗೋಡೇಲಿ ಕಿಂಡಿ ಕೊರೆದು ಹೊರಗಿಂದ ಬಂದೋರನ್ನ ಸೀದಾ ಕ್ಯಾಮೆರಾ ಮುಂದೆ ನಿಲ್ಸೋದು, ಉಡುಪಿಯೋರಿಗೆ ಕನಕನ ಕಿಂಡಿ ಅಂದ್ರೆ ಸಾಕು, ವಿವರಿಸೋದೇ ಬೇಡ. ಆದ್ರೆ ಅಲ್ಲಿ ಒಳಗಿರೋದು ಕೃಷ್ಣ, ಇಲ್ಲಿ ನಿಮ್ಮ ಮನೆ ಹಾಲ್, ಬೆಡ್‌ರೂಮು. ಹಾಳೇಲಿ "ರೂಟರಿನಲ್ಲಿ ಕ್ಯಾಮೆರಾಗೆ ಕಿಂಡಿ ತೆರೆಯಬೇಡಿ" ಅಂತ ಹಾಕಿ, ಕೆಳಗೇ "ಯುಪಿಎನ್‌ಪಿ ಆಫ್ ಮಾಡಿಸಿ" ಅಂತ ಸೇರಿಸಿ, ಯಾಕಂದ್ರೆ ಅದು ಆನ್ ಇದ್ರೆ ಕ್ಯಾಮೆರಾ ಯಾರನ್ನೂ ಕೇಳ್ದೆ ತಾನೇ ಕಿಂಡಿ ತೆಗೆಸ್ಕೊಳ್ಳುತ್ತೆ.

ಗೆಸ್ಟ್ ವೈಫೈ (ಬಂದೋರಿಗೆ ಅಂತ ಬೇರೆಯಾಗಿ ಇಡೋ ವೈಫೈ) ವಿಷಯ ಬರೆದಿದ್ರೆ ಒಂದು ಎಚ್ಚರಿಕೆ. ಕ್ಯಾಮೆರಾನ ಗೆಸ್ಟಲ್ಲಿ ಇಟ್ರೆ ಮನೆ ಲ್ಯಾಪ್‌ಟಾಪಿಂದ ದೂರ ಇರುತ್ತೆ, ಒಳ್ಳೇದು. ಆದ್ರೆ ರೆಕಾರ್ಡರ್ ಮೇನ್ ನೆಟ್‌ವರ್ಕಲ್ಲಿದ್ರೆ ಅದಕ್ಕೆ ಕ್ಯಾಮೆರಾನೇ ಕಾಣಲ್ಲ, ಎಷ್ಟೋ ಗೆಸ್ಟ್ ವೈಫೈಯಲ್ಲಿ ಒಂದು ಡಿವೈಸಿಗೆ ಇನ್ನೊಂದು ಸಿಗದ ಹಾಗೇ ಇಟ್ಟಿರ್ತಾರೆ, ಆಮೇಲೆ ಕ್ಯಾಮೆರಾ ಕೆಟ್ಟಿದೆ ಅಂತ ನಮಗೆ ಫೋನು.

ಇನ್ನೊಂದು, ಸಿಸಿಟಿವಿ ಅನ್ನೋದೇ ಈಗ ಸುಳ್ಳು. ಮುಚ್ಚಿದ ಸರ್ಕ್ಯೂಟು ಅಂತ ಹೆಸರು, ಚಿತ್ರ ಯಾವುದೋ ದೇಶದ ಸರ್ವರಿಗೆ ಹೋಗಿ ದುಬೈಗೆ ಇಳಿಯುತ್ತೆ.

ಪುಣೆಯಿಂದ:

ಸುಳ್ಳಿದ್ರೂ ಇರ್ಲಿ ಬಿಡ್ರಿ, ಸಿಸಿಟಿವಿ ಅಂದ್ರ ಸಣ್ಣ ಹುಡುಗ್ರಿಗೂ ತಿಳೀತದ. ಇನ್ನ ನಿಮ್ಮ ಗೋವಾದಾಗ ಬೀಗಕ್ಕ ಹಾಕೋದು ಚಾವಿ, ಪೋರ್ಚುಗೀಸರ ಶಾವ್, ನಮ್ಮ ಧಾರವಾಡದಾಗೂ ಚಾವಿನ. ಹೊರಗಿಂದ ಬಂದ ಚಾವೀಲೆ ಇಷ್ಟ ವರ್ಷ ಮನಿ ಭದ್ರ ಇತ್ತು, ಪಾಸ್‌ವರ್ಡಿಗೆ ಯಾಕ ಹೆದರ್ತಾರೋ ಮಾಸ್ತರ್ರು. ಕನ್ನಡ ಕೆಡೋದು ಪದ ತಗೊಂಡಿದ್ದಕ್ಕಲ್ಲ, ಮುಂಬೈ ಪುಣೆ ಮನ್ಯಾಗ ಮೊಮ್ಮಕ್ಕಳ ಜೋಡಿ ಮಾತಾಡೋದು ಬಿಟ್ಟಿದ್ದಕ್ಕ.

ಮುಲುಂಡಿನಿಂದ:

ನನ್ನ ಮೊಮ್ಮಗಳು ಕನ್ನಡ ಮಾತಾಡುತ್ತಾಳೆ. ಬೀಗದಕೈ ಅನ್ನುತ್ತಾಳೆ. ವೈಯಕ್ತಿಕ ಟೀಕೆ ಬೇಡ.

ಡೊಂಬಿವಲಿಯಿಂದ:

ಜಗಳ ಆಮೇಲೆ ಮಾಡ್ಕೊಳ್ಳಿ, ಪ್ರೆಸ್ಸಿನವ್ರು ಫೋನ್ ಮಾಡ್ತಿದ್ದಾರೆ. ಇಷ್ಟು ಹಾಕ್ತಿದ್ದೇನೆ. ಬೋರ್ಡು: "ಇಲ್ಲಿ ಸಿಸಿಟಿವಿ ಕಣ್ಗಾವಲು ಇದೆ". ನಿಗಾ ಬಿಟ್ಟೆ, ಪಾರ್ಸಿ ಅಂತಲ್ಲ, ನಮ್ಮಲ್ಲಿ ನಿಗಾ ಅಂದ್ರೆ ಆಸ್ಪತ್ರೆನೇ ನೆನಪಾಗೋದು. ಹಾಳೆ: "ಡಬ್ಬದ ಜೊತೆ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಾಯಿಸಿ. ರೂಟರಿನಲ್ಲಿ ಕ್ಯಾಮೆರಾಗೆ ಕಿಂಡಿ (ಪೋರ್ಟ್) ತೆರೆಯಬೇಡಿ, ಯುಪಿಎನ್‌ಪಿ ಆಫ್ ಮಾಡಿಸಿ. ಕ್ಯಾಮೆರಾದ ಒಳಗಿನ ಸಾಫ್ಟ್‌ವೇರಿಗೆ ಅಪ್‌ಡೇಟ್ ಬಂದರೆ ಹಾಕಿಕೊಳ್ಳಿ. ನೋಡುವ ಆಪ್‌ಗೆ ಒಟಿಪಿ ಲಾಗಿನ್ ಇದ್ದರೆ ಆನ್ ಮಾಡಿ. ಪಕ್ಕದ ಮನೆ ಬಾಗಿಲು ಕಾಣದ ಹಾಗೆ ಕ್ಯಾಮೆರಾ ತಿರುಗಿಸಿ." ಕೊನೇ ಸಾಲಿಗೆ ಯಾರೂ ಪದ ಹುಡುಕಬೇಡಿ, ಮೂರನೇ ಮಾಳಿಗೆಯಲ್ಲಿ ಅದಕ್ಕೇ ಈಗ ಮಾತುಕತೆ ನಿಂತಿದೆ. ಸಹಾಯ ಮಾಡಿದವರ ಹೆಸರು ಕೆಳಗೆ ಹಾಕ್ಲಾ?

ಮುಲುಂಡಿನಿಂದ:

ಪಾಸ್‌ವರ್ಡ್ ಇರುವ ಹಾಳೆಯಲ್ಲಿ ನನ್ನ ಹೆಸರು ಬೇಡ. ಬೋರ್ಡಿಗೆ ಹಾಕಬಹುದು.