ಪದಚರ್ಚೆ: ಕುಸ್ತಿ ಗೇಮಿನ ‘ಟ್ಯಾಗ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಹಳೆಯ ವಿಡಿಯೋ ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಕುಸ್ತಿ ಗೇಮ್‌ಗಳ ಭಾಗಕ್ಕೆ ಬಂದಾಗ ಒಂದು ಪದ ಅಡ್ಡ ನಿಂತಿದೆ: ‘ಟ್ಯಾಗ್ ಟೀಮ್’. ಅಂದರೆ ಇಬ್ಬರ ತಂಡ, ಒಬ್ಬ ಇನ್ನೊಬ್ಬನ ಕೈ ಮುಟ್ಟಿ ಸರದಿ ಬದಲಿಸುವ ಕುಸ್ತಿ. ಗೇಮಿನ ಹೆಸರಾಗಿ ಬಂದ ಕಡೆ ಅದನ್ನು ಹಾಗೇ ಬಿಡುತ್ತೇನೆ, ಅದರಲ್ಲಿ ತೊಂದರೆ ಇಲ್ಲ. ಆದರೆ ಆಟ ಆಡುವ ರೀತಿ ವಿವರಿಸುವಾಗ ‘ಈಗ ಟ್ಯಾಗ್ ಮಾಡಿ’ ಅಂತ ಬರೆದರೆ ಇವತ್ತಿನ ಓದುಗರಿಗೆ ಬೇರೆಯದೇ ಹೊಳೆಯುತ್ತದೆ. ಫೋಟೋಗೆ ಗೆಳೆಯರ ಹೆಸರು ಅಂಟಿಸುವುದು, ಅಲ್ವಾ? ಕುಸ್ತಿಯ ಟ್ಯಾಗ್ ಅದಲ್ಲ. ಇಂಗ್ಲಿಷ್ ಮಾತಾಡುವ ಮಕ್ಕಳು ಅಟ್ಟಿಸಿಕೊಂಡು ಹೋಗಿ ಮುಟ್ಟುವ ಆಟಕ್ಕೂ ಟ್ಯಾಗ್ ಅನ್ನುತ್ತಾರೆ. ನಮ್ಮ ಮುಟ್ಟಾಟ, ಜೂಟಾಟ ಇದೆಯಲ್ಲ, ಅದು. ಕುಸ್ತಿಯ ಟ್ಯಾಗ್ ಅದರ ನೆಂಟ. ಮುಟ್ಟುವುದೇ ಅದರಲ್ಲಿ ಮುಖ್ಯ.

ನಾನು ಬರೆಯುತ್ತಿರುವ ಗೇಮ್ ಜಪಾನಿನ ಟೆಕ್ನೋಸ್ ಕಂಪನಿ ಮಾಡಿದ್ದು. 1983ರಲ್ಲಿ ಡೇಟಾ ಈಸ್ಟ್ ಕಂಪನಿ ಅದನ್ನು ಆರ್ಕೇಡ್‌ಗಳಿಗೆ (ಕಾಸು ಹಾಕಿ ಗೇಮ್ ಆಡುವ ಅಂಗಡಿಗಳಿಗೆ) ಬಿಟ್ಟಿತು. ಜಪಾನಿನಲ್ಲಿ ‘ದಿ ಬಿಗ್ ಪ್ರೊ ರೆಸ್ಲಿಂಗ್’, ಅಮೆರಿಕದಲ್ಲಿ ‘ಟ್ಯಾಗ್ ಟೀಮ್ ರೆಸ್ಲಿಂಗ್’. 1986ರಲ್ಲಿ ನಿಂಟೆಂಡೋದ ಮನೆ ಯಂತ್ರಕ್ಕೂ ಬಂತು. ಅದರಲ್ಲಿ ಎರಡು ತಂಡ, ರಿಕಿ ಫೈಟರ್ಸ್ ಮತ್ತು ಸ್ಟ್ರಾಂಗ್ ಬ್ಯಾಡ್ಸ್. (ಅಮೆರಿಕದ ‘ಹೋಮ್‌ಸ್ಟಾರ್ ರನ್ನರ್’ ಎಂಬ ಇಂಟರ್ನೆಟ್ ಕಾರ್ಟೂನಿನಲ್ಲಿ ಸ್ಟ್ರಾಂಗ್ ಬ್ಯಾಡ್ ಅಂತ ಮುಖವಾಡದ ಪಾತ್ರ ಇದೆ. ಅದಕ್ಕೆ ಹೆಸರು ಬಂದಿದ್ದು ಈ ತಂಡದಿಂದಲೇ.)

ಆಟದ ಒಳಗಿನ ಕೆಲವು ಪದಗಳು ಸಲೀಸಾಗಿ ಕನ್ನಡಕ್ಕೆ ಬಂದವು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡಾಗ ಒಂದು ಗುಂಡಿ ಒತ್ತುತ್ತಾ ಪಟ್ಟುಗಳ ಹೆಸರನ್ನು ಒಂದೊಂದಾಗಿ ತಿರುವಬೇಕು. ಬೇಕಾದ್ದು ಬಂದ ತಕ್ಷಣ ಇನ್ನೊಂದು ಗುಂಡಿ ಒತ್ತಬೇಕು. ತಡ ಮಾಡಿದರೆ ಎದುರಾಳಿಯ ಪಟ್ಟು ಮೊದಲು ಬೀಳುತ್ತದೆ. ಇದಕ್ಕೆ ‘ಪಟ್ಟು’ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ನಮ್ಮ ಗರಡಿಮನೆಯಲ್ಲಿ ಪೈಲ್ವಾನರು ದಿನಾ ಆಡುವ ಪದ ಅದು. ಡ್ರಾಪ್ ಕಿಕ್, ಬಾಡಿ ಸ್ಲ್ಯಾಮ್ ಅನ್ನುವ ಹೆಸರುಗಳನ್ನು ಹಾಗೇ ಇಟ್ಟಿದ್ದೇನೆ. ಧೋಬಿ ಪಛಾಡ್, ಕಲಾಜಂಗ್ ಹೊರಗಿನಿಂದ ಬಂದು ನಮ್ಮ ಗರಡಿಯಲ್ಲಿ ನೆಲೆಸಿಲ್ಲವೇ? ಹಾಗೆ ಇವೂ ಇರಲಿ.

ತೊಡಕು ಇರುವುದು ‘ಟ್ಯಾಗ್ ಟೀಮ್’ನಲ್ಲಿ. ಎಲ್ಲರಿಗೂ ಮೊದಲು ತೋಚುವುದು ‘ಜೋಡಿ ಕುಸ್ತಿ’. ಕೇಳಲು ಸೊಗಸಾಗಿದೆ, ಚಿಕ್ಕದಾಗಿದೆ. ನಾನು ಕೇಳಿದವರಲ್ಲಿ ಜಾಸ್ತಿ ಜನ ಇದನ್ನೇ ಹೇಳಿದರು. ಆದರೆ ಮೈಸೂರಿನ ಕಡೆ ಕುಸ್ತಿ ನೋಡಿದವರಿಗೆ ಈ ಪದ ಪೂರ್ತಿ ತಿರುಗುಮುರುಗು ಕಾಣುತ್ತದೆ. ದಸರಾಕ್ಕೆ ಮುಂಚೆ ‘ಕುಸ್ತಿ ಜೋಡಿ ಕಟ್ಟುವ’ ಸುದ್ದಿ ಪತ್ರಿಕೆಗಳಲ್ಲಿ ಪ್ರತಿ ವರ್ಷ ಬರುತ್ತದೆ. ಅಲ್ಲಿ ಪೈಲ್ವಾನರ ತೂಕ, ಮೈಕಟ್ಟು, ಅನುಭವ ನೋಡಿ ಯಾರ ಎದುರು ಯಾರು ಅಂತ ಗೊತ್ತು ಮಾಡುತ್ತಾರೆ. ಆಮೇಲೆ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದ ಅಖಾಡದಲ್ಲಿ ಆ ಜೋಡಿಗಳು ಸೆಣಸುತ್ತವೆ. ಅಂದರೆ ಕುಸ್ತಿಯ ಮಾತಿನಲ್ಲಿ ಜೋಡಿ ಅಂದರೆ ಎದುರಾಳಿಗಳು! ‘ನಿನ್ನ ಜೋಡಿ ಯಾರು?’ ಅಂತ ಒಬ್ಬ ಪೈಲ್ವಾನನನ್ನು ಕೇಳಿದರೆ ಅವನು ಹೇಳುವುದು ತಾನು ಕೆಡವಬೇಕಾದವನ ಹೆಸರನ್ನು. ಗೆಳೆಯನ ಹೆಸರನ್ನಲ್ಲ. ಇಷ್ಟು ಗಟ್ಟಿಯಾಗಿ ಬಳಕೆಯಲ್ಲಿರುವ ಪದವನ್ನು ಅದೇ ಕುಸ್ತಿಯ ಬಗ್ಗೆ ಬರೆಯುವಾಗ ಜೊತೆಗಾರ ಅನ್ನುವ ಅರ್ಥದಲ್ಲಿ ತರುವುದು ನನಗೆ ಸರಿ ಕಾಣುವುದಿಲ್ಲ. ಗರಡಿಯವರು ಕಾಪಾಡಿಕೊಂಡು ಬಂದ ಅರ್ಥವನ್ನು ಒಂದು ಗೇಮಿಗೋಸ್ಕರ ಕಲಕಬಾರದು.

‘ನಾಲ್ವರ ಕುಸ್ತಿ’ ಅಂತ ಒಬ್ಬರು ಸೂಚಿಸಿದರು. ಫ್ರೆಂಚರು ಹೀಗೇ ಹೇಳುತ್ತಾರೆ, ಅವರ ಹೆಸರಿನ ಅರ್ಥ ನಾಲ್ವರ ಕುಸ್ತಿ ಅಂತಲೇ. ಆದರೆ ನಮ್ಮಲ್ಲಿ ನಾಲ್ವರು ಅಂದ ತಕ್ಷಣ ವಿಜಯದಶಮಿಯ ವಜ್ರಮುಷ್ಟಿ ಕಾಳಗ ನೆನಪಾಗುತ್ತದೆ. ಮೈಸೂರು ಅರಮನೆಯಲ್ಲಿ ನಾಲ್ವರು ಜಟ್ಟಿಗಳು ಒಟ್ಟಿಗೇ ಇಳಿಯುತ್ತಾರೆ. ಆದರೆ ಅದು ಅಕ್ಕಪಕ್ಕ ನಡೆಯುವ ಎರಡು ಕಾಳಗ. ಒಬ್ಬನ ನೆರವಿಗೆ ಇನ್ನೊಬ್ಬ ಬರುವ ಮಾತೇ ಇಲ್ಲ. ಕಂಸನ ಮುಂದೆ ಆದ ಮಲ್ಲಯುದ್ಧವೂ ಹಾಗೇ ತಾನೆ? ಚಾಣೂರನ ಜೊತೆ ಕೃಷ್ಣ, ಮುಷ್ಟಿಕನ ಜೊತೆ ಬಲರಾಮ. ಅಣ್ಣ ತಮ್ಮ ಇಬ್ಬರೂ ಒಂದೇ ಕಡೆಯವರು, ಆದರೂ ಸರದಿ ಬದಲಿಸಿಕೊಳ್ಳಲಿಲ್ಲ. ಒಬ್ಬ ಆಡುವಾಗ ಇನ್ನೊಬ್ಬ ಹೊರಗೆ ಕಾಯುವ ಕುಸ್ತಿ ನಮ್ಮ ಅಖಾಡದಲ್ಲಿ ಬೆಳೆದು ಬಂದಿಲ್ಲ. ಅದಕ್ಕೇ ಸಿದ್ಧ ಪದ ಸಿಗುತ್ತಿಲ್ಲ ಅನ್ನಿಸುತ್ತದೆ.

ಹಾಗಾದರೆ ಟ್ಯಾಗ್ ಟೀಮಿನಲ್ಲಿ ನಡೆಯುವುದೇನು? ತಂಡಕ್ಕೆ ಇಬ್ಬರು. ಒಬ್ಬ ಹಗ್ಗದ ಒಳಗೆ, ಒಬ್ಬ ಹೊರಗೆ ತನ್ನ ಮೂಲೆಯಲ್ಲಿ. ಒಳಗಿನವನು ಏಟು ತಿಂದು ಸೋಲುವ ಹಂತಕ್ಕೆ ಬಂದಾಗ ಹೇಗಾದರೂ ಮಾಡಿ ಆ ಮೂಲೆ ತಲುಪಬೇಕು. ಹೊರಗಿನವನ ಕೈ ಮುಟ್ಟಬೇಕು. ಮುಟ್ಟಿದ ಮೇಲೆ ಮಾತ್ರ ಅವನು ಒಳಗೆ ಬರಬಹುದು, ಇವನು ಹೊರಗೆ ಹೋಗಿ ಸುಧಾರಿಸಿಕೊಳ್ಳಬಹುದು. ಮುಟ್ಟದೆ ಸುಮ್ನೆ ಒಳಗೆ ನುಗ್ಗಿದರೆ ಅದು ತಪ್ಪು. ಹಾಗಾಗಿ ಇಬ್ಬರಿದ್ದಾರೆ ಅನ್ನುವುದಕ್ಕಿಂತ ಮುಟ್ಟಿ ಸರದಿ ದಾಟಿಸುತ್ತಾರೆ ಅನ್ನುವುದೇ ಇದರ ತಿರುಳು. ನಮಗೆ ಬೇಕಾದ ಪದ ಅದನ್ನು ಹೇಳಬೇಕು.

ಟೆಕ್ನೋಸ್‌ನವರು ಮುಂದೆ ಮಾಡಿದ ‘ಡಬ್ಲ್ಯೂಡಬ್ಲ್ಯೂಎಫ್ ಸೂಪರ್‌ಸ್ಟಾರ್ಸ್’ (1989) ಮತ್ತು ‘ಡಬ್ಲ್ಯೂಡಬ್ಲ್ಯೂಎಫ್ ರೆಸಲ್‌ಫೆಸ್ಟ್’ (1991) ಆಡಿದವರಿಗೆ ಇದು ಮೈಯಲ್ಲೇ ಗೊತ್ತಿರುತ್ತದೆ. ಮೊದಲನೆಯದರಲ್ಲಿ ಹಲ್ಕ್ ಹೋಗನ್, ಅಲ್ಟಿಮೇಟ್ ವಾರಿಯರ್, ರ‍್ಯಾಂಡಿ ಸ್ಯಾವೇಜ್ ಸೇರಿ ಆರು ಜನರಲ್ಲಿ ಇಬ್ಬರನ್ನು ಆರಿಸಿಕೊಳ್ಳಬೇಕು. ಕೊನೆಗೆ ಆಂದ್ರೆ ದಿ ಜೈಂಟ್ ಮತ್ತು ಟೆಡ್ ಡಿಬಿಯಾಸಿ ಎದುರಾಗುತ್ತಾರೆ. ಎರಡನೆಯದರಲ್ಲಿ ಹಾಕ್ ಮತ್ತು ಅನಿಮಲ್‌ರ ಲೀಜನ್ ಆಫ್ ಡೂಮ್ ತಂಡವನ್ನು ಮಣಿಸಬೇಕು. ಎರಡರಲ್ಲೂ ಒಬ್ಬನನ್ನೇ ಒಳಗೆ ಇಟ್ಟುಕೊಂಡು ಗೆಲ್ಲುವುದು ಬಲು ಕಷ್ಟ.

ಜಪಾನಿನವರು ಶುರುವಿಗೇ ಇಬ್ಬಿಬ್ಬರ ಕುಸ್ತಿಯನ್ನು ಗೇಮ್ ಮಾಡಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಅಲ್ಲಿ ಟಿವಿ ಪ್ರಸಾರ ಶುರುವಾಗಿದ್ದು 1953ರಲ್ಲಿ. ಮರುವರ್ಷ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಕುಸ್ತಿಪಟು ರಿಕಿಡೋಝಾನ್ ಮತ್ತು ಜೂಡೋ ಪಟು ಮಸಾಹಿಕೋ ಕಿಮುರಾ ಸೇರಿ ಕೆನಡಾದ ಕುಸ್ತಿಪಟುಗಳಾದ ಶಾರ್ಪ್ ಸಹೋದರರ ವಿರುದ್ಧ ಟ್ಯಾಗ್ ಪಂದ್ಯದಲ್ಲಿ ಸೆಣಸಿದರು. ಮನೆಯಲ್ಲಿ ಟಿವಿ ಇಲ್ಲದವರು ಬೀದಿಯಲ್ಲಿ ಇಟ್ಟಿದ್ದ ಟಿವಿಗಳ ಮುಂದೆ ಕಿಕ್ಕಿರಿದು ಅದನ್ನು ನೋಡಿದರು. ಪ್ರೊ ರೆಸ್ಲಿಂಗ್ ಅಲ್ಲಿ ಮನೆಮಾತಾಗಿದ್ದೇ ಟ್ಯಾಗ್ ಪಂದ್ಯದಿಂದ. ಜಪಾನೀಯರ ಮಾತಿನಲ್ಲಿ ಒಂದು ಚಂದದ ವಿಂಗಡಣೆಯೂ ಇದೆ. ತಂಡಕ್ಕೆ, ಪಂದ್ಯಕ್ಕೆ ‘ಟ್ಯಾಗ್’ ಅನ್ನುತ್ತಾರೆ. ಆದರೆ ಕೈ ಮುಟ್ಟಿ ಬದಲಾಗುವ ಕ್ರಿಯೆಗೆ ‘ಟಚ್’ ಅನ್ನುತ್ತಾರೆ. ಮೆಕ್ಸಿಕೋದವರು ಸ್ಪ್ಯಾನಿಷಿನಲ್ಲಿ ‘ರೆಲೆವೋಸ್’ ಅನ್ನುತ್ತಾರೆ, ಅಂದರೆ ರಿಲೇ, ಸರದಿ ಬದಲಾವಣೆ. ನಾವೂ ಎರಡಕ್ಕೂ ಒಂದೇ ಪದ ಹುಡುಕಬೇಕಿಲ್ಲ ಅನ್ನುವುದು ನನಗೆ ಇದರಿಂದ ಹೊಳೆದಿದ್ದು. ತಂಡಕ್ಕೆ ಒಂದು, ಕ್ರಿಯೆಗೆ ಒಂದು ಇರಲಿ.

ಕ್ರಿಯೆಗೆ ಏನು? ‘ಕೈ ಕೊಡು’ ಅಂತ ಬರೆದರೆ ಕೆಲಸ ಕೆಟ್ಟಿತು. ‘ಸೋಲುವಾಗ ಹೋಗನ್ ತನ್ನ ಜೊತೆಗಾರನಿಗೆ ಕೈ ಕೊಟ್ಟ’ ಅಂದರೆ ಯಾವ ಕನ್ನಡಿಗನೂ ಮೋಸ ಮಾಡಿದ ಅಂತಲೇ ತಿಳಿಯುತ್ತಾನೆ. ‘ಕೈ ತಟ್ಟು’ ಅಂದರೆ ಚಪ್ಪಾಳೆ. ತೊಂಬತ್ತರ ದಶಕದಲ್ಲಿ ಟಿವಿ ಗೇಮಿಗೆ ಕ್ಯಾಸೆಟ್ ಹಾಕಿ ಆಡುತ್ತಿದ್ದಾಗ ನಾವು ‘ಚೇಂಜ್ ಮಾಡೋ, ಚೇಂಜ್ ಮಾಡೋ’ ಅಂತ ಕೂಗುತ್ತಿದ್ದೆವು. ಆಳು ಬದಲಾಗುವುದು ಅದರಲ್ಲಿ ಇದೆ, ಮುಟ್ಟುವುದು ಇಲ್ಲ.

ತುಂಬಾ ಹತ್ತಿರ ಬರುವುದು ಖೋಖೋದ ‘ಖೋ ಕೊಡು’. ಕೂತವನ ಬೆನ್ನು ಮುಟ್ಟಿ ಖೋ ಅಂದರೆ ಮಾತ್ರ ಅವನು ಏಳಬೇಕು. ಖೋ ಸಿಗುವ ಮುಂಚೆ ಎದ್ದರೆ ತಪ್ಪು. ಕೊಟ್ಟವನು ಅವನ ಜಾಗದಲ್ಲಿ ಕೂರುತ್ತಾನೆ. ನಿಯಮ ನೋಡಿದರೆ ಟ್ಯಾಗ್ ಪಂದ್ಯದ್ದೇ! ಕನ್ನಡ ಶಾಲೆಯ ಮೈದಾನದಲ್ಲಿ ಆಡಿದ ಯಾರಿಗಾದರೂ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ಆದರೆ ಓದುವಾಗ ಒಂದು ಅಡ್ಡಿ ಇದೆ. ಪತ್ರಿಕೆಗಳಲ್ಲಿ ‘ಕೊಕ್’ ತುಂಬಾ ಓಡಾಡುತ್ತದೆ. ‘ತಂಡದಿಂದ ಕೊಕ್’, ‘ಸಚಿವರಿಗೆ ಕೊಕ್’. ಕೈಬಿಡುವುದು ಅಂತ ಅರ್ಥ. ‘ಜೊತೆಗಾರನಿಗೆ ಖೋ ಕೊಟ್ಟ’ ಅಂದಾಗ ಆ ನೆರಳು ಬಿದ್ದೇ ಬೀಳುತ್ತದೆ. ಹಾಗಾಗಿ ವಿವರಣೆಯಲ್ಲಿ ಖೋಖೋದ ಹೋಲಿಕೆ ಕೊಡುತ್ತೇನೆ, ಪದವಾಗಿ ಬಳಸುವುದಿಲ್ಲ.

ಸದ್ಯಕ್ಕೆ ನನ್ನ ಒಲವು ‘ಕೈ ಮುಟ್ಟಿಸು’ ಕಡೆ. ‘ಮುಟ್ಟಿಸು’ ಅನ್ನುವುದರಲ್ಲಿ ಎರಡು ಅರ್ಥ ಒಟ್ಟಿಗೆ ಇವೆ. ತಾಗಿಸುವುದು ಒಂದು, ತಲುಪಿಸುವುದು ಇನ್ನೊಂದು. ಸುದ್ದಿ ಮುಟ್ಟಿಸುತ್ತೇವೆ, ದುಡ್ಡು ಮುಟ್ಟಿಸುತ್ತೇವೆ. ಕುಸ್ತಿಯಲ್ಲೂ ಕೈ ತಾಗುತ್ತದೆ, ಸರದಿ ತಲುಪುತ್ತದೆ. ‘ವಾರಿಯರ್ ತೆವಳಿಕೊಂಡು ಮೂಲೆಗೆ ಬಂದು ಹೋಗನ್‌ಗೆ ಕೈ ಮುಟ್ಟಿಸಿದ’ ಅಂತ ಓದಿ ನೋಡಿ. ನನ್ನ ಕಿವಿಗೆ ಇದು ಕನ್ನಡವೇ ಅನ್ನಿಸುತ್ತದೆ. ತಂಡಕ್ಕೆ ‘ಸರದಿ ಜೊತೆ’, ಪಂದ್ಯಕ್ಕೆ ‘ಸರದಿ ಕುಸ್ತಿ’ ಅಂದುಕೊಂಡಿದ್ದೇನೆ. ಒಂದೇ ಅನುಮಾನ: ‘ಸರದಿ ಕುಸ್ತಿ’ ಅಂದರೆ ಒಂದರ ನಂತರ ಒಂದು ಪಂದ್ಯ ಅಂತ ಯಾರಾದರೂ ತಿಳಿಯಬಹುದೇ?

ಇನ್ನೊಂದು ಪದ ಕೇಳಲೇಬೇಕು. ಮೂರು ಎಣಿಸುವ ತನಕ ಎದುರಾಳಿಯ ಭುಜ ನೆಲಕ್ಕೆ ಒತ್ತಿ ಹಿಡಿಯುವುದಕ್ಕೆ ‘ಚಿತ್ ಮಾಡು’ ಅಂತ ಬರೆಯಬಹುದೇ? ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಪಂದ್ಯ ಅಲ್ಲಿಗೆ ಮುಗಿಯಿತು. ಈ ಗೇಮ್‌ಗಳಲ್ಲಿ ಆಳು ಅಂಗಾತ ಬೀಳುವುದು ಮಾಮೂಲು. ಎರಡು ಎಣಿಸುವಷ್ಟರಲ್ಲಿ, ನಿಯಮಕ್ಕೆ ತಪ್ಪಾದರೂ, ಹೊರಗಿನ ಜೊತೆಗಾರ ನುಗ್ಗಿ ಬಂದು ಬಿಡಿಸುತ್ತಾನೆ. ಅದಕ್ಕೆ ಒತ್ತಿ ಹಿಡಿಯುವುದನ್ನು ‘ಅದುಮು’ ಅಂತಲೂ ಮೂರು ಎಣಿಸಿ ಮುಗಿದ ಮೇಲಷ್ಟೇ ‘ಚಿತ್’ ಅಂತಲೂ ಬರೆದಿದ್ದೇನೆ. ಜೊತೆಗಾರ ಬಂದು ತಪ್ಪಿಸುವುದಕ್ಕೆ ‘ಬಿಡಿಸು’ ಸಾಕು, ಜಗಳ ಬಿಡಿಸಿದ ಹಾಗೆ.

ಬೆಳಗಾವಿ, ಬಾಗಲಕೋಟೆ, ಧಾರವಾಡದ ಕಡೆಯವರಲ್ಲಿ ಒಂದು ಕೋರಿಕೆ. ನಿಮ್ಮ ಕಡೆಯ ಕುಸ್ತಿ ಕಣದಲ್ಲಿ ‘ಜೋಡಿ’ಗೆ ಮೈಸೂರಿನ ಅರ್ಥವೇ ಇದೆಯೇ, ಬೇರೆ ಇದೆಯೇ? ಎದುರಾಳಿಗೆ ಪೈಲ್ವಾನರು ಏನನ್ನುತ್ತಾರೆ? ಕರಾವಳಿಯಲ್ಲಿ ಮುಟ್ಟಾಟ ಆಡುವಾಗ ಮುಟ್ಟಿದ ಕ್ಷಣಕ್ಕೆ ಮಕ್ಕಳು ಏನು ಕೂಗುತ್ತಾರೆ? ಮತ್ತೆ ವಿಡಿಯೋ ಗೇಮ್ ಪಾರ್ಲರಿನಲ್ಲಿ ಬೆಳೆದವರು, ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡ್ ಆಡಿದವರು ಆಗ ಬಾಯಲ್ಲಿ ಬರುತ್ತಿದ್ದ ಮಾತನ್ನು ಹಾಗೇ ಬರೆದು ಕಳಿಸಿ. ನಿಘಂಟಿನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ.