ಹೊಗೆ ಗಾಡಿ ಬರಲಿಲ್ಲ ಅಂದ್ರಲ್ಲ, ಅದಕ್ಕೆ

ಚಿಕ್ಕಪ್ಪ, ಟೈಪ್ ಮಾಡ್ತಾ ಕೂತ್ರೆ ಸಂಜೆ ಆಗುತ್ತೆ, ಮಾತಲ್ಲೇ ಹೇಳಿಬಿಡ್ತೀನಿ. ನಿಮ್ಮ ರಸ್ತೆಗೆ ಸೊಳ್ಳೆಗೆ ಹೊಗೆ ಹೊಡೆಯೋ ಗಾಡಿ ಬಂದು ತಿಂಗಳಾಯ್ತು, ಪಕ್ಕದ ಮನೆ ಹುಡುಗನಿಗೆ ಡೆಂಗ್ಯೂ, ಮೋರಿ ಬೇರೆ ನಾರ್ತಿದೆ ಅಂದ್ರಲ್ಲ. ಮೋರಿಗೆ ಬೈಯಿರಿ, ನಾನೂ ಬೈತೀನಿ. ಆದ್ರೆ ಡೆಂಗ್ಯೂ ಸೊಳ್ಳೆಗೆ ಮೋರಿ ಸೇರಲ್ಲ, ತಿಳಿನೀರೇ ಆಗ್ಬೇಕು ಮಹಾರಾಣಿಗೆ. ಹುಟ್ಟಿದ ಜಾಗ ಬಿಟ್ಟು ದೂರ ಹಾರೋದೂ ಕಮ್ಮಿ. ಅಂದ್ರೆ ಕಚ್ಚಿದ್ದು ನಿಮ್ಮನೇದು, ಇಲ್ಲ ಅಕ್ಕಪಕ್ಕದ್ದು.

ಹೋದ ಮಳೆಗಾಲ ಇವರಿಗೆ ಜ್ವರ ಬಂದಾಗ ನಾನು ಎದುರಿನ ಖಾಲಿ ಸೈಟಿಗೆ ಶಾಪ ಹಾಕ್ತಾ ಇದ್ದೆ. ಆಶಾ ಕಾರ್ಯಕರ್ತೆ ಬಂದು ಟಾರ್ಚ್ ಬಿಟ್ಟು ನೋಡಿದ್ರೆ ಹುಳ ಕುಣೀತಿದ್ದಿದ್ದು ಎಲ್ಲಿ? ಟಿವಿ ಪಕ್ಕ ಶೋಕಿಗೆ ಇಟ್ಟಿದ್ದೆನಲ್ಲ, ಆ ಮನಿಪ್ಲಾಂಟ್ ಬಾಟಲೀಲಿ! ಆಮೇಲೆ ಫ್ರಿಜ್ ಹಿಂದಿನ ತಟ್ಟೇಲಿ. ಅಲ್ಲೊಂದು ತಟ್ಟೆ ಇದೆ ಅನ್ನೋದೇ ಹನ್ನೆರಡು ವರ್ಷದಿಂದ ಗೊತ್ತಿರಲಿಲ್ಲ ನನಗೆ.

ನೀರು ಚೆಲ್ಲಿಬಿಟ್ರೆ ಮುಗೀತು ಅನ್ಕೋಬೇಡಿ. ಮೊಟ್ಟೆ ನೀರಿನ ಅಂಚಿಗಿಂತ ಒಂಚೂರು ಮೇಲೆ ಡ್ರಮ್ಮಿಗೆ ಅಂಟ್ಕೊಂಡಿರುತ್ತೆ, ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ, ಮತ್ತೆ ನೀರು ತಾಗಿದ್ರೆ ಮರಿ. ನಾರು ತಗೊಂಡು ಗಸಗಸ ಉಜ್ಜಬೇಕು, ವಾರಕ್ಕೊಂದ್ಸಲ. ಎಂಟ್ಹತ್ತು ದಿನದಲ್ಲಿ ಮೊಟ್ಟೆ ಹೋಗಿ ಸೊಳ್ಳೆಯಾಗಿ ಹಾರುತ್ತೆ, ಅದಕ್ಕೇ ವಾರದ ಲೆಕ್ಕ. 2024ರ ಬೇಸಿಗೇಲಿ ನೀರಿಲ್ಲ ಅಂತ ಬೆಂಗಳೂರಲ್ಲಿ ಸಿಕ್ಕಸಿಕ್ಕ ಡ್ರಮ್ಮೆಲ್ಲ ತುಂಬಿಸಿಟ್ವಲ್ಲ, ಮಳೆ ಹಿಡಿದ ಮೇಲೆ ಡೆಂಗ್ಯೂ ಹೇಗೆ ಏರ್ತು ನೆನಪಿದೆಯಾ? ಆ ಸೆಪ್ಟೆಂಬರಲ್ಲಿ ಸರ್ಕಾರ ಸಾಂಕ್ರಾಮಿಕ ಅಂತ ಘೋಷಿಸಿ, ಸಿಟೀಲಿ ಮನೆ ಹತ್ರ ಸೊಳ್ಳೆ ಬೆಳೆಸಿದ್ರೆ 400 ರೂಪಾಯಿ ದಂಡ ಅಂತ್ಲೂ ಮಾಡ್ತು. ನನ್ನ ಬಾಟಲಿಗೆ ಯಾರೂ ಹಾಕಲಿಲ್ಲ, ಪುಣ್ಯ.

ಹೊಗೆ ಹೊಡೆದ್ರೆ ಸಾಯೋದು ಹಾರಾಡೋ ಸೊಳ್ಳೆ ಅಷ್ಟೇ, ನೀರೊಳಗಿನ ಮರಿ ಆರಾಮಾಗಿರುತ್ತೆ. ಇನ್ನೊಂದು, ನೀವು ರಾತ್ರಿ ಬತ್ತಿ ಹಚ್ತೀರಿ, ಇದು ಕಚ್ಚೋದು ಹಗಲು. ಬೆಳಗ್ಗೆ, ಮತ್ತೆ ಇಳಿಹೊತ್ತಲ್ಲಿ ಜೋರು. ಅಜ್ಜಿ ಮಧ್ಯಾಹ್ನ ಮಲಗಿದಾಗಲೂ ಪರದೆ ಕಟ್ಟಿ.

ಜ್ವರ ಬಂದ್ರೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವು ಅಂತ ಬ್ರೂಫೆನ್ ನುಂಗಬೇಡಿ, ರಕ್ತಸ್ರಾವಕ್ಕೆ ದಾರಿ. ಜ್ವರ ಬಿಟ್ಟಿತು ಅಂತ ನಿರಾಳ ಆಗೋ ಹೊತ್ತಲ್ಲೇ ಇದು ಕೈಕೊಡೋದು: ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ರಕ್ತ ಕಂಡ್ರೆ ಪರಂಗಿ ಎಲೆ ಅರೀತಾ ಕೂರದೆ ಆಸ್ಪತ್ರೆಗೆ ಹೊರಡಿ. ಹಾಂ, ಎಳನೀರು ಕುಡಿಸಿ, ಬುರುಡೆ ಮಾತ್ರ ಕಾಂಪೌಂಡ್ ಹಿಂದೆ ಎಸೀಬೇಡಿ, ಮಳೆ ಬಂದ್ರೆ ಅದೂ ಒಂದು ತೊಟ್ಟಿಲೇ.

ಟ್ಯಾಂಕರ್ ಬಂತು, ಸಂಪಿನ ಮುಚ್ಚಳ ತೆಗೀಬೇಕು, ಇಡ್ತೀನಿ. ಫ್ರಿಜ್ ಹಿಂದೆ ನೋಡಿ ಫೋಟೋ ಹಾಕಿ.